ಸ್ಟ್ರೋಕ್ ಆದವರನ್ನ ಹಾಸಿಗೆಯಿಂದ ಕುರ್ಚಿಗೆ ಕೂರಿಸೋದು ಹೇಗೆ

ಮನೆಯವರು ಮಾಡೋ ಮೊದಲ ಎಡವಟ್ಟೇ ಕೈ ಹಿಡಿದು ಎಳೆಯೋದು, ಇಲ್ಲಾಂದ್ರೆ ಕಂಕುಳಿಗೆ ಕೈ ಹಾಕಿ ಎತ್ತೋದು. ಎರಡೂ ಬೇಡ. ಲಕ್ವ ಹೊಡೆದ ಕಡೆ ಭುಜದ ಕೀಲನ್ನ ಬಿಗಿಯಾಗಿ ಹಿಡಿದಿಡೋ ಸ್ನಾಯುಗಳೇ ಸೋತಿರ್ತವೆ, ಎಳೆದ್ರೆ ಕೀಲು ಜಾರಬಹುದು, ಆಮೇಲೆ ನೋವಿಗೆ ಆ ಕೈನ ಮುಟ್ಟೋಕೂ ಬಿಡಲ್ಲ, ವ್ಯಾಯಾಮದ ಮಾತು ದೂರ.

ಸ್ಟೆಪ್ 1: ಕುರ್ಚಿನ ಅವರ ಚೆನ್ನಾಗಿರೋ ಕೈ ಕಡೆಗೆ, ಹಾಸಿಗೆಗೆ ಓರೆಯಾಗಿ ಹಾಕಿ. ವೀಲ್‌ಚೇರ್ ಆದ್ರೆ ಬ್ರೇಕ್ ಹಾಕಿ, ಕಾಲಿಡೋ ಹಲಗೆ ಮಡಚಿ. ಹಗುರವಾದ ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ, ಹಿಂದಕ್ಕೆ ಜಾರುತ್ತೆ.

ಸ್ಟೆಪ್ 2: ಮಂಡಿ ಮಡಿಸಿ ಚೆನ್ನಾಗಿರೋ ಮಗ್ಗುಲಿಗೆ ಹೊರಳಿಸಿ, ಕಾಲು ಕೆಳಗಿಳಿಸಿ, ಮೊಣಕೈ ಊರಿಸಿ ಕೂರಿಸಿ. ಕೂತ ತಕ್ಷಣ ನಿಲ್ಲಿಸಬೇಡಿ. ಬಿಪಿ ಇಳಿದು ತಲೆ ಸುತ್ತಬಹುದು, ಒಂದೆರಡು ನಿಮಿಷ ಮಾತಾಡಿಸ್ತಾ ಇರಿ. ಹಿಡ್ಕೊಂಡ್ರೂ ಕೂರೋಕಾಗದೆ ವಾಲ್ತಿದ್ರೆ ಒಬ್ಬರೇ ಮುಂದುವರಿಯಬೇಡಿ.

ಸ್ಟೆಪ್ 3: ಎಲ್ಲರೂ ತಪ್ಪೋದು ಇಲ್ಲೇ. ಹಾಸಿಗೆ ಅಂಚಿಗೆ ಜರುಗಿಸಿ, ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಿರಲಿ, ಮಂಡಿಗಿಂತ ಸ್ವಲ್ಪ ಹಿಂದಿರಲಿ, ಕಾಲಿಗೆ ಜಾರದ ಚಪ್ಪಲಿ ಇರಲಿ, ಬರೀ ಸಾಕ್ಸ್ ಬೇಡ. ಸೊಂಟಕ್ಕೆ ಗಟ್ಟಿ ಬೆಲ್ಟ್ ಕಟ್ಟಿ, ನೀವು ಎದುರು ನಿಂತು ಅದನ್ನ ಹಿಡ್ಕೊಳ್ಳಿ. ಸೋತ ಕಾಲಿನ ಮಂಡಿಗೆ ನಿಮ್ಮ ಮಂಡಿ ಮುಂದಿಂದ ಆನಿಸಿ, ಇಲ್ಲದಿದ್ರೆ ಎದ್ದ ಕೂಡ್ಲೇ ಅದು ಕುಸಿಯುತ್ತೆ. ಈಗ 'ಮುಂದೆ ಬಗ್ಗಿ' ಅನ್ನಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರೋಷ್ಟು ಬಗ್ಗಿದ್ರೆ ಮೈಭಾರ ಕಾಲಿನ ಮೇಲೆ ಬಂದು ಸೊಂಟ ತಾನೇ ಮೇಲೇಳುತ್ತೆ, ಹಿಂದಕ್ಕೆ ವಾಲಿದವರನ್ನ ಪೈಲ್ವಾನನೂ ಎತ್ತೋಕಾಗಲ್ಲ. ಒಂದು, ಎರಡು, ಮೂರು ಅಂತ ಎಣಿಸಿ, ಮೂರಕ್ಕೆ ಇಬ್ಬರೂ ಒಟ್ಟಿಗೆ. ನಿಮ್ಮ ಕುತ್ತಿಗೆಗೆ ಮಾತ್ರ ಅವರನ್ನ ಜೋತುಬೀಳಿಸ್ಕೋಬೇಡಿ, ಆಮೇಲೆ ಮನೇಲಿ ಇಬ್ಬರು ಪೇಷೆಂಟ್.

ಸ್ಟೆಪ್ 4: ಚೆನ್ನಾಗಿರೋ ಕಾಲಿನ ಮೇಲೆ ಭಾರ ಹಾಕಿಸಿ, ಪುಟ್ಟ ಹೆಜ್ಜೆಯಲ್ಲಿ ತಿರುಗಿಸಿ, ಕುರ್ಚಿ ತೊಡೆ ಹಿಂಬದಿಗೆ ತಾಗಿದ ಮೇಲೆ ನಿಧಾನಕ್ಕೆ ಕೂರಿಸಿ. ಮಧ್ಯದಲ್ಲಿ ಕುಸಿದ್ರೆ ತಡೆದು ನಿಲ್ಲಿಸೋ ಸಾಹಸ ಬೇಡ, ಮೆಲ್ಲಗೆ ನೆಲಕ್ಕೆ ಇಳಿಸಿ, ಇನ್ನೊಬ್ಬರನ್ನ ಕರೀರಿ.

ಕೂರಿಸಿದ ಮೇಲೆ ಸೋತ ಕೈನ ದಿಂಬಿನ ಮೇಲಿಡಿ, ಜೋತಾಡೋಕೆ ಬಿಡಬೇಡಿ. ಆನ್‌ಲೈನಲ್ಲಿ ಸಿಗೋ ಬಾಗಿಲಿಗೆ ನೇತುಹಾಕಿ ಹಗ್ಗದಿಂದ ಕೈ ಮೇಲಕ್ಕೆಳೆಯೋ ರಾಟೆ ದಯವಿಟ್ಟು ತರಬೇಡಿ, ಭುಜದ ನೋವು ಜಾಸ್ತಿ ಮಾಡೋ ಸಾಮಾನದು. ಆ ದುಡ್ಡಿಗೆ ಫಿಸಿಯೋನ ಮನೆಗೇ ಕರೆಸಿ, ನಿಮ್ಮದೇ ಮಂಚದ ಹತ್ರ ಇದನ್ನೆಲ್ಲ ಒಂದ್ಸಲ ಮಾಡಿಸಿ ನೋಡ್ಕೊಳ್ಳಿ.