ಉಪ್ಪು ಬಿಡಬೇಡಿ, ಅಳೆದು ಹಾಕಿ

ಮಳೆಗಾಲದಲ್ಲಿ ಕೊಡಗಿನ ಅಡುಗೆಮನೆಯಲ್ಲಿ ಉಪ್ಪು ಒದ್ದೆಯಾಗಿ ಗಟ್ಟಿ ಕೂರುತ್ತದೆ. ಅದನ್ನು ಬೆರಳಲ್ಲಿ ಕೆರೆದು ಹಾಕುವಾಗ ಎಷ್ಟು ಹಾಕಿದೆವು ಅನ್ನುವುದೇ ಗೊತ್ತಾಗುವುದಿಲ್ಲ. ನಮ್ಮ ಮನೆಯಲ್ಲಿ ಅಳತೆ ಶುರುವಾಗಿದ್ದು ಅಪ್ಪನಿಗೆ ಬಿಪಿ ಬಂದ ಮೇಲೆ. ಮೊದಲ ವಾರ ಹೆದರಿ ಪಲ್ಯ, ಸಾರು ಎಲ್ಲಕ್ಕೂ ಉಪ್ಪು ನಿಲ್ಲಿಸಿಬಿಟ್ಟೆವು. ಅಪ್ಪ ಸೊಪ್ಪು, ತರಕಾರಿ ಮುಟ್ಟಲಿಲ್ಲ. ಉಪ್ಪಿನಕಾಯಿ ನೆಂಚಿಕೊಂಡೇ ಊಟ ಮುಗಿಸಿದರು. ತಪ್ಪು ಅಲ್ಲೇ ಇತ್ತು. ಕೆಸುವಿನ ಸೊಪ್ಪು, ಕಣಿಲೆ (ಎಳೆ ಬಿದಿರು), ಅಣಬೆ, ಹುರುಳಿ ಹೊಟ್ಟೆಗೆ ಹೋಗಬೇಕಾದರೆ ಚಿಟಿಕೆ ಉಪ್ಪು ಬೇಕೇ ಬೇಕು. ಕಡಿಮೆ ಮಾಡಬೇಕಾದದ್ದು ಬೇರೆ ಕಡೆ.

ಮೊದಲು ಉಪ್ಪಿನ ಪ್ಯಾಕೆಟ್ ಒಡೆದ ದಿನವೇ ಅದರ ಮೇಲೆ ತಾರೀಕು ಬರೆಯಿರಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ತಲೆ ತಟ್ಟಿದ ಒಂದು ಟೀ ಚಮಚದಷ್ಟು. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ ಆಯಿತು. ಒಂದು ಕಿಲೋ ಪ್ಯಾಕೆಟ್ 30 ದಿನಕ್ಕೇ ಖಾಲಿಯಾದರೆ ಒಬ್ಬೊಬ್ಬರಿಗೆ ದಿನಕ್ಕೆ 8 ಗ್ರಾಂ ಮೇಲೆ ಬೀಳುತ್ತಿದೆ. ಮಕ್ಕಳಿಗೆ ಇನ್ನೂ ಕಡಿಮೆ ಸಾಕು. ಹೊರಗೆ ತಿಂದದ್ದು ಈ ಲೆಕ್ಕದಲ್ಲಿ ಬಂದೇ ಇಲ್ಲ, ಅಲ್ವಾ?

ಆಮೇಲೆ ಕಣ್ಣಿಗೆ ಕಾಣದ ಉಪ್ಪನ್ನು ಹುಡುಕಿ. ಚಿಪ್ಸ್, ಮಿಕ್ಸ್ಚರ್, ನೂಡಲ್ಸ್ ಪ್ಯಾಕೆಟ್ ಹಿಂದೆ ಸೋಡಿಯಂ ಎಷ್ಟು ಅಂತ ನೋಡಿ, ಅದನ್ನು ಎರಡೂವರೆಯಿಂದ ಗುಣಿಸಿ. 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ಒಣ ಮೀನನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಇನ್ನೊಮ್ಮೆ ತೊಳೆಯಿರಿ. ಆ ಸಾರಿಗೆ ರುಚಿ ನೋಡದೆ ಉಪ್ಪು ಹಾಕಲೇಬೇಡಿ. ಉಪ್ಪಲ್ಲಿ ಹಾಕಿಟ್ಟ ಕಣಿಲೆಗೂ ಹೀಗೇ.

ಇನ್ನು ಒಲೆಯ ಮುಂದಿನ ಕೆಲಸ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಒಂದು ತಟ್ಟೆಯಲ್ಲಿ ಎಲ್ಲಕ್ಕೂ ಉಪ್ಪು ಬೇಡ. ಕರಿಗೆ ಉಪ್ಪಿದ್ದರೆ ಕಡಂಬುಟ್ಟಿಗೆ (ಅಕ್ಕಿ ತರಿಯ ಕಡುಬಿಗೆ), ಅಕ್ಕಿ ರೊಟ್ಟಿಗೆ ಬಿಡಬಹುದು. ಪಲ್ಯಕ್ಕೆ ಹಾಕಬೇಕಾದ ಉಪ್ಪನ್ನು ಒಂದು ಸಣ್ಣ ಬಟ್ಟಲಿಗೆ ಅಳೆದಿಟ್ಟುಕೊಳ್ಳಿ. ಕಾಲು ಭಾಗ ಬಟ್ಟಲಲ್ಲೇ ಉಳಿಸಿ, ಮಿಕ್ಕಿದ್ದನ್ನು ಇಳಿಸುವ ಹೊತ್ತಿಗೆ ಹಾಕಿ. ಸೊಪ್ಪು ಬಾಡಿ ಹಿಡಿಯಷ್ಟಾದ ಮೇಲೆ ಎಷ್ಟು ಬೇಕು ಅನ್ನುವುದು ಸರಿಯಾಗಿ ತಿಳಿಯುತ್ತದೆ. ಸಪ್ಪೆ ಅನಿಸಿದರೆ ಉಳಿದ ಉಪ್ಪಿಗೆ ಕೈ ಹಾಕುವ ಮೊದಲು ಹುಳಿ ಹಾಕಿ ನೋಡಿ. ನಿಂಬೆಯಾದರೂ ಸರಿ. ನಮ್ಮಲ್ಲಿ ಕಾಚಂಪುಳಿ ಇದ್ದೇ ಇದೆ. ಹಣ್ಣಿನ ರಸವನ್ನು ಕಪ್ಪಗಾಗುವ ತನಕ ಕಾಯಿಸಿದ ಈ ಹುಳಿ ಪಂದಿ ಕರಿಗೆ ಮಾತ್ರ ಅಂತ ಸುಮ್ನೆ ಎತ್ತಿಡಬೇಡಿ. ಅಣಬೆಗೆ ಅರ್ಧ ಚಮಚ ಬಿದ್ದರೆ ಇರುವ ಉಪ್ಪೇ ಜಾಸ್ತಿ ಅನಿಸುತ್ತದೆ. ತೋಟದ ಕಾಳುಮೆಣಸನ್ನು ಆಗಷ್ಟೇ ಕುಟ್ಟಿ ಉದುರಿಸಿದರೂ ಸಾಕು. ನಾಲಿಗೆ ಒಗ್ಗಲು ಕೆಲವು ವಾರ ಬೇಕು. ಒಂದೇ ಸಲ ಅರ್ಧಕ್ಕೆ ಇಳಿಸಬೇಡಿ.

ಯಾವ ಉಪ್ಪು? ದಿನದ ಅಡುಗೆಗೆ ಅಯೋಡಿನ್ ಇರುವ ಉಪ್ಪೇ ಇರಲಿ. ಮಳೆ ಜಾಸ್ತಿ ಬೀಳುವ ಗುಡ್ಡಗಾಡಿನ ಮಣ್ಣಿನಿಂದ ಅಯೋಡಿನ್ ತೊಳೆದು ಹೋಗಿರುತ್ತದೆ. ಅಲ್ಲಿ ಬೆಳೆದ ಸೊಪ್ಪು, ಅಕ್ಕಿಯಲ್ಲೂ ಅದು ಕಡಿಮೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಬರೀ 150 ಮೈಕ್ರೋಗ್ರಾಂ. ಆದರೆ ಅಷ್ಟೂ ಸಿಗದೆ ಹೋದರೆ ಗಳಗಂಡ ಬರಬಹುದು. ಬಿಸಿಗೂ ತೇವಕ್ಕೂ ಅಯೋಡಿನ್ ಕಡಿಮೆಯಾಗುತ್ತದೆ. ಹಾಗಾಗಿ ಅವ್ವನ ಕಾಲದಂತೆ ಒಲೆ ಪಕ್ಕದ ಮರಿಗೆಯಲ್ಲಿ ತೆರೆದಿಡಬೇಡಿ. ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು ಒಣ ಚಮಚ ಹಾಕಿ. ಸೈಂಧವ ಉಪ್ಪಿನಲ್ಲೂ ಇರುವುದು ಹೆಚ್ಚು ಕಡಿಮೆ ಅಷ್ಟೇ ಸೋಡಿಯಂ. ಗುಲಾಬಿ ಬಣ್ಣ ನೋಡಿ ಧಾರಾಳವಾಗಿ ಸುರಿಯಬೇಡಿ.

‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಕಿಡ್ನಿ ತೊಂದರೆ ಇರುವವರು, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ಮನೆಗೆ ತರಬೇಡಿ.