ಆನ್ಸಿಬಲ್‌ನಲ್ಲಿ ಇಡೀ ಫೋಲ್ಡರ್‌ಗೆ ಒಂದೇ ಸಲ ಪರ್ಮಿಷನ್ ಕೊಡುವುದು ಹೇಗೆ

ಆನ್ಸಿಬಲ್ ಅಂದರೆ ಸರ್ವರ್‌ಗಳನ್ನು ತಾನಾಗಿಯೇ ಸಜ್ಜುಗೊಳಿಸುವ ಟೂಲ್. ಫೈಲ್, ಫೋಲ್ಡರ್ ನೋಡಿಕೊಳ್ಳುವ ಅದರ ಫೈಲ್ ಮಾಡ್ಯೂಲ್‌ನಲ್ಲಿ ಸ್ಟೇಟ್‌ಗೆ ಡೈರೆಕ್ಟರಿ, ರಿಕರ್ಸ್‌ಗೆ (ಒಳಗಿರುವುದಕ್ಕೆಲ್ಲ ಅನ್ವಯಿಸು ಅಂತ) ಟ್ರೂ ಅಂತ ಬರೆದು ಮೋಡ್‌ಗೆ 0644 (ಮಾಲೀಕರಿಗೆ ಓದು-ಬರಹ, ಉಳಿದವರಿಗೆ ಓದು ಮಾತ್ರ) ಕೊಟ್ಟುಬಿಟ್ಟರೆ ಕೆಲಸ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಅಲ್ಲೇ ಎಡವುವುದು. ಫೋಲ್ಡರ್ ಒಳಗೆ ಹೋಗಲು ಎಕ್ಸಿಕ್ಯೂಟ್ ಬಿಟ್ ಬೇಕೇ ಬೇಕು. 0644 ಅದನ್ನು ಎಲ್ಲಾ ಫೋಲ್ಡರ್‌ಗಳಿಂದಲೂ ಕಿತ್ತುಹಾಕುತ್ತದೆ, ವೆಬ್‌ಸೈಟ್ 403 (ಪ್ರವೇಶ ಇಲ್ಲ ಅನ್ನುವ ಎರರ್) ತೋರಿಸುತ್ತದೆ. ಹಾಗಂತ 0755 (0644 ಜೊತೆಗೆ ಎಲ್ಲರಿಗೂ ಎಕ್ಸಿಕ್ಯೂಟ್) ಕೊಟ್ಟರೆ ಚಿತ್ರ, ಕಾನ್ಫಿಗ್ ಫೈಲ್ ಎಲ್ಲಕ್ಕೂ ಸುಮ್ನೆ ಎಕ್ಸಿಕ್ಯೂಟ್ ಸಿಗುತ್ತದೆ. ಅದೂ ಸರಿಯಲ್ಲ.

ನಾನು ಬಳಸುವುದು ಅಕ್ಷರದ ಮೋಡ್: ಯು=ಆರ್‌ಡಬ್ಲ್ಯೂಎಕ್ಸ್,ಜಿ=ಆರ್‌ಎಕ್ಸ್,ಓ=ಆರ್‌ಎಕ್ಸ್. ಯು ಅಂದರೆ ಮಾಲೀಕ, ಜಿ ಗುಂಪು, ಓ ಉಳಿದವರು; ಆರ್ ಓದು, ಡಬ್ಲ್ಯೂ ಬರಹ, ಎಕ್ಸ್ ಎಕ್ಸಿಕ್ಯೂಟ್. ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಮಧ್ಯೆ ಜಾಗ ಬಿಡದೆ ಟೈಪ್ ಮಾಡಿ. ಎಕ್ಸ್ ಮಾತ್ರ ದೊಡ್ಡಕ್ಷರ, ಉಳಿದವೆಲ್ಲ ಚಿಕ್ಕವು. ದೊಡ್ಡ ಎಕ್ಸ್ ಅಂದರೆ ಫೋಲ್ಡರ್ ಆಗಿದ್ದರೆ ಅಥವಾ ಆ ಫೈಲ್‌ಗೆ ಮೊದಲೇ ಎಕ್ಸಿಕ್ಯೂಟ್ ಇದ್ದರೆ ಮಾತ್ರ ಕೊಡು ಅಂತ. ಹಾಗಾಗಿ ಯಾರೋ ಈಗಾಗಲೇ 0777 (ಎಲ್ಲರಿಗೂ ಎಲ್ಲ ಪರ್ಮಿಷನ್) ಹಾಕಿಟ್ಟ ಫೈಲ್‌ಗಳು ಇದರಿಂದ ಪೂರ್ತಿ ಸರಿಹೋಗುವುದಿಲ್ಲ. ಅಂಥ ಕಡೆ ಫೈಂಡ್ ಕಮಾಂಡ್‌ನಲ್ಲಿ ಟೈಪ್ ಡಿ, ಟೈಪ್ ಎಫ್ ಅಂತ ಫೋಲ್ಡರ್ ಮತ್ತು ಫೈಲ್ ಬೇರೆ ಮಾಡಿ, ಫೋಲ್ಡರ್‌ಗಳಿಗೆ 0755, ಫೈಲ್‌ಗಳಿಗೆ 0644 ಅಂತ ಚ್‌ಮೋಡ್ (ಪರ್ಮಿಷನ್ ಬದಲಿಸುವ ಕಮಾಂಡ್) ಓಡಿಸಿ. ಸ್ಕ್ರಿಪ್ಟ್‌ಗಳಿದ್ದರೆ ಅವಕ್ಕೆ ಆಮೇಲೆ ಬೇರೆಯಾಗಿ ಕೊಡಬೇಕು.

ಅಂಕಿಯ ಮೋಡ್ ಬರೆಯುವಾಗ ಕೋಟ್ಸ್ ಒಳಗೆ, ಮುಂದಿನ ಸೊನ್ನೆ ಸಮೇತ ಬರೆಯಿರಿ. ಪರ್ಮಿಷನ್‌ಗೆ ಬೇಕಿರುವುದು ಎಂಟರ ಆಧಾರದ ಸಂಖ್ಯೆ; ಕೋಟ್ಸೂ ಸೊನ್ನೆಯೂ ಇಲ್ಲದ 644 ದಶಮಾಂಶ ಸಂಖ್ಯೆಯಾಗಿ, ಯಾವುದೋ ವಿಚಿತ್ರ ಪರ್ಮಿಷನ್ ಕೂರುತ್ತದೆ.

ಆನ್ಸಿಬಲ್ ಥರದ್ದೇ ಇನ್ನೊಂದು ಟೂಲ್ ಪಪೆಟ್ ಬಳಸುವವರಿಗೆ ಈ ತಲೆನೋವು ಕಡಿಮೆ. ಅಂಕಿಯಲ್ಲಿ ಮೋಡ್ ಕೊಟ್ಟರೆ, ರೀಡ್ ಇರುವ ಕಡೆಯೆಲ್ಲ ಫೋಲ್ಡರ್‌ಗೆ ಎಕ್ಸಿಕ್ಯೂಟ್ ಅನ್ನು ಅದೇ ಸೇರಿಸುತ್ತದೆ.

ಆನ್ಸಿಬಲ್ ಓಡಿಸುವ ಮೊದಲು ಚೆಕ್ (ನಿಜವಾಗಿ ಬದಲಿಸದೆ ಪರೀಕ್ಷಿಸುವುದು) ಮತ್ತು ಡಿಫ್ (ಏನು ಬದಲಾಗುತ್ತದೆ ಅಂತ ತೋರಿಸುವುದು) ಆಯ್ಕೆ ಹಾಕಿ ನೋಡಿ, ದಯವಿಟ್ಟು. ಫೋಲ್ಡರ್ ವಿಳಾಸ ಇಟ್ಟ ಪಾತ್ ವೇರಿಯಬಲ್ ಖಾಲಿ ಇದ್ದು ಕೊನೆಗೆ ಬರೀ ಸ್ಲ್ಯಾಶ್ (ಸರ್ವರ್‌ನ ಮೂಲ ಫೋಲ್ಡರ್) ಉಳಿದರೆ ಇಡೀ ಸರ್ವರ್‌ನ ಪರ್ಮಿಷನ್ ಬದಲಾಗುತ್ತದೆ.