ಸದ್ದಿಗಿಂತ ಬಾಯಿಯ ಅಳತೆ ಮುಖ್ಯ: ಮಕ್ಕಳ ದವಡೆ ಕೀಲಿನ ತೊಂದರೆ ಗುರುತಿಸುವುದು, ನೋಡಿಕೊಳ್ಳುವುದು

ಚಪಾತಿ ಅಗಿಯುವಾಗ ಮಗುವಿನ ಕಿವಿಯ ಹತ್ತಿರ ‘ಲಟಕ್’ ಎಂದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಅದೇ ಮಗುವಿನ ಬಾಯಿ ಮೊದಲಿನಷ್ಟು ತೆರೆಯದೆ ಹೋದರೆ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಕಾಳಜಿ ಬೇಕಾದದ್ದು ಎರಡನೆಯದಕ್ಕೆ. ನೋವಿಲ್ಲದೆ ಬರೀ ಸದ್ದಿದ್ದು, ಬಾಯಿ ಪೂರ್ತಿ ತೆರೆಯುತ್ತಿದ್ದರೆ ಬಹುಪಾಲು ಮಕ್ಕಳಿಗೆ ಚಿಕಿತ್ಸೆಯೇ ಬೇಡ.

ಕಿವಿಯ ತೂತಿನ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ದುಂಡಗಿನದೊಂದು ಮುಂದಕ್ಕೆ ಜಾರಿ ಹಿಂದಕ್ಕೆ ಬರುತ್ತದೆ. ಅದು ಕೆಳದವಡೆಯ ಮೇಲ್ತುದಿ. ಅದಕ್ಕೂ ತಲೆಬುರುಡೆಯ ಗುಳಿಗೂ ನಡುವೆ ತೆಳುವಾದ ಮೆತ್ತೆಯಿದೆ. ಮುಂದಕ್ಕೆ ಸರಿದಿದ್ದ ಮೆತ್ತೆ ಬಾಯಿ ತೆರೆಯುವಾಗ ಮತ್ತೆ ಜಾಗಕ್ಕೆ ಕೂತರೆ ಆ ‘ಲಟಕ್’. ಕೂರದೆ ಅಡ್ಡಗಟ್ಟಿದರೆ ಸದ್ದು ನಿಲ್ಲುತ್ತದೆ, ಬಾಯಿ ತೆರೆಯುವುದೂ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ‘ಸದ್ದು ತಾನಾಗಿಯೇ ಹೋಯಿತು’ ಎಂದು ಸಮಾಧಾನಪಡುವ ಮೊದಲು ಬಾಯಿ ಅಳೆಯಬೇಕು. ಮಕ್ಕಳಲ್ಲಿ ಇನ್ನೊಂದು ಮಾತಿದೆ: ಕೆಳದವಡೆ ಬೆಳೆಯುವುದರಲ್ಲಿ ಈ ತುದಿಯ ಮೃದ್ವಸ್ಥಿಯ (ಮೆದು ಮೂಳೆಯ) ಪಾಲು ದೊಡ್ಡದು. ಆರನೇ ವಯಸ್ಸಿನಲ್ಲಿ ಒಂದು ಕಡೆಯ ಕೀಲು ಕೆಟ್ಟು ಹಾಗೇ ಬಿಟ್ಟರೆ ಹದಿನಾರರ ಹೊತ್ತಿಗೆ ಗದ್ದ ಆ ಕಡೆಗೆ ವಾಲಿರಬಹುದು.

ಅಳೆಯುವ ಬಗೆ

ಕಂಪಾಸ್ ಬಾಕ್ಸಿನ ಸ್ಕೇಲನ್ನು ನೇರ ಹಲ್ಲಿಗೆ ಒತ್ತಬೇಡಿ. ಅದರ ಸೊನ್ನೆ ತುದಿಯಲ್ಲಿರುವುದಿಲ್ಲ, ಸ್ವಲ್ಪ ಒಳಗಿರುತ್ತದೆ; ಅಷ್ಟು ಅಳತೆ ಅಲ್ಲೇ ತಪ್ಪುತ್ತದೆ. ಹಳೆಯ ಲಗ್ನಪತ್ರಿಕೆಯಿಂದ ಒಂದು ದಪ್ಪ ಪಟ್ಟಿ ಕತ್ತರಿಸಿಕೊಳ್ಳಿ. ಮಗುವನ್ನು ನೆಟ್ಟಗೆ ಕೂರಿಸಿ ಆದಷ್ಟು ಅಗಲ ಬಾಯಿ ತೆರೆಸಿ. ಪಟ್ಟಿಯ ಒಂದು ತುದಿಯನ್ನು ಕೆಳಗಿನ ಮುಂಹಲ್ಲಿನ ಅಂಚಿಗೆ ತಾಗಿಸಿ, ಮೇಲಿನ ಮುಂಹಲ್ಲಿನ ಅಂಚು ಬಂದಲ್ಲಿ ಪೆನ್ನಿನಿಂದ ಗೆರೆ ಹಾಕಿ. ಆಮೇಲೆ ಆ ಪಟ್ಟಿಯನ್ನು ಸ್ಕೇಲಿನ ಮೇಲಿಟ್ಟು ಅಳೆಯಿರಿ. ಮೂರು ಸಲ ಮಾಡಿ, ದೊಡ್ಡ ಅಳತೆಯನ್ನು ತಾರೀಕಿನ ಸಮೇತ ಬರೆದಿಡಿ. ಆರೇಳು ವರ್ಷದವರಿಗೆ ಮುಂಹಲ್ಲು ಬಿದ್ದಿದ್ದರೆ ಪಕ್ಕದ ಹಲ್ಲು ಹಿಡಿಯಿರಿ, ಮುಂದಿನ ಸಲವೂ ಅದೇ ಹಲ್ಲು.

ಹದಿಹರೆಯದವರಿಗೆ 40 ಮಿ.ಮೀ. ಮತ್ತು ಮೇಲಿದ್ದರೆ ಸರಿ. 35ಕ್ಕಿಂತ ಕಡಿಮೆಯಾದರೆ ತೋರಿಸಬೇಕು, 30ಕ್ಕಿಂತ ಕಡಿಮೆಯಾದರೆ ಅದೇ ವಾರ. ಚಿಕ್ಕ ಮಕ್ಕಳಿಗೆ ಅವರದೇ ಕೈಯ ಮೂರು ಬೆರಳು ಒಂದರ ಮೇಲೊಂದು ನಿಂತು ಹಲ್ಲಿನ ನಡುವೆ ಹೋಗಬೇಕು, ನಿಮ್ಮ ಬೆರಳಲ್ಲ. ಯಾವ ವಯಸ್ಸಿನಲ್ಲೇ ಆಗಲಿ, ಹಿಂದಿನ ಅಳತೆಗಿಂತ 5 ಮಿ.ಮೀ. ಇಳಿದಿದ್ದರೆ ಅದೇ ಸಾಕು ಡಾಕ್ಟರ ಬಳಿ ಹೋಗಲು.

ದಿಕ್ಕನ್ನೂ ನೋಡಿ. ಗದ್ದದ ನಡುವೆ ಕುಂಕುಮದ ಚುಕ್ಕೆ ಇಟ್ಟು, ಹುಬ್ಬಿನ ನಡುವಿನಿಂದ ದಾರ ಇಳಿಬಿಟ್ಟು, ಬಾಯಿ ನಿಧಾನ ತೆರೆಯುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ. ಚುಕ್ಕೆ ಒಮ್ಮೆ ಪಕ್ಕಕ್ಕೆ ಹೋಗಿ ಮತ್ತೆ ದಾರಕ್ಕೆ ಮರಳಿದರೆ ಅದು ಸಾಮಾನ್ಯವಾಗಿ ಮೆತ್ತೆ ಜಾಗಕ್ಕೆ ಕೂರುವ ಆಟ. ಮರಳದೆ ಒಂದೇ ಕಡೆ ಉಳಿದರೆ ಆ ಕಡೆಯ ಕೀಲು ಸಿಕ್ಕಿಕೊಂಡಿದೆ ಎಂದು ಶಂಕಿಸಿ. ಡಾಕ್ಟರಿಗೆ ಈ ವಿಡಿಯೋ ತೋರಿಸಿದರೆ ಅರ್ಧ ಕೆಲಸ ಆದಂತೆ.

ನೋವಿದ್ದು ಬಾಯಿ ತೆರೆಯುತ್ತಿದ್ದರೆ

ಹದಿಹರೆಯದಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಹೆಚ್ಚು ಕಾಣುವುದು ಇದು. ಹತ್ತನೇ, ಹನ್ನೆರಡನೇ ಬೋರ್ಡ್ ಪರೀಕ್ಷೆ ಹತ್ತಿರ ಬರುತ್ತಿದ್ದಂತೆ ಕಣತಲೆ ನೋವು, ಬೆಳಿಗ್ಗೆ ಎದ್ದಾಗ ಕೆನ್ನೆ ಬಿಗಿತ, ಕಿವಿನೋವು. ಕಿವಿ ಡಾಕ್ಟರು ನೋಡಿ ‘ಪರದೆ ಚೆನ್ನಾಗಿದೆ’ ಎನ್ನುತ್ತಾರೆ. ಓದುವಾಗ ಹಲ್ಲು ಕಚ್ಚಿಕೊಂಡಿರುವುದು, ಪೆನ್ನು ಅಥವಾ ಉಗುರು ಕಚ್ಚುವುದು, ಚ್ಯೂಯಿಂಗ್ ಗಮ್, ಗದ್ದಕ್ಕೆ ಕೈಯೂರಿ ಫೋನ್ ನೋಡುವುದು, ಇವುಗಳಿಂದ ಅಗಿಯುವ ಸ್ನಾಯು ದಣಿಯುತ್ತದೆ.

ಮೊದಲ ಮದ್ದು ನಾಲಿಗೆಯದು. ‘ಹಲ್ಲು’ ಎಂದು ನಿಧಾನವಾಗಿ ಹೇಳಿ. ‘ಲ್ಲ’ ಎನ್ನುವಾಗ ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದೆ ಎಲ್ಲಿ ತಾಗುತ್ತದೋ ಅದೇ ಅದರ ಮನೆ. ತುಟಿ ಮುಚ್ಚಿರಬೇಕು, ಹಲ್ಲುಗಳ ನಡುವೆ ಸಣ್ಣ ಸಂದು ಇರಬೇಕು. ಊಟದಲ್ಲಿ ಬಿಟ್ಟರೆ ಮೇಲಿನ ಕೆಳಗಿನ ಹಲ್ಲು ತಾಗುವ ಅಗತ್ಯವೇ ಇಲ್ಲ, ಇದನ್ನು ಮಕ್ಕಳಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಫೋನಿನ ಹಿಂದೆ, ಪುಸ್ತಕದ ಮೇಲೆ, ಕನ್ನಡಿಯ ಮೂಲೆಗೆ ಒಂದೊಂದು ಬಿಂದಿ ಅಂಟಿಸಿ. ಕಣ್ಣಿಗೆ ಬಿದ್ದಾಗಲೆಲ್ಲ ದವಡೆ ಸಡಿಲ ಬಿಡಬೇಕು.

ಅದೇ ಜಾಗದಲ್ಲಿ ನಾಲಿಗೆ ಇಟ್ಟುಕೊಂಡೇ, ಅದು ಬಿಡದಷ್ಟು ಮಾತ್ರ ಬಾಯಿ ತೆರೆದು ಮುಚ್ಚುವುದು ವ್ಯಾಯಾಮ: ಒಂದು ಸಲಕ್ಕೆ 6, ದಿನಕ್ಕೆ 6 ಸಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎರಡೂ ಕೆನ್ನೆಗೆ 15 ನಿಮಿಷ, ಬೆಳಿಗ್ಗೆ ಸಂಜೆ. ಪೆಟ್ಟು ಬಿದ್ದ ಮೊದಲ ಎರಡು ದಿನ ಮಾತ್ರ ಶಾಖ ಬೇಡ, ಬಟ್ಟೆ ಸುತ್ತಿದ ಐಸ್ 10 ನಿಮಿಷ. ಎರಡು ವಾರ ಮೆತ್ತಗಿನ ಊಟ: ಇಡ್ಲಿ, ನೀರುದೋಸೆ, ಕಿಚಡಿ, ಸಾರಿನಲ್ಲಿ ಕಲಸಿದ ಅನ್ನ, ಗೋವಾದವರಿಗೆ ಪೇಜ್ (ಗಂಜಿ). ಚಕ್ಕುಲಿ, ಲೋನಾವಳಾ ಚಿಕ್ಕಿ, ಖಡಕ್ ರೊಟ್ಟಿ, ಕಬ್ಬು ದೂರವಿಡಿ. ವಡಾಪಾವ್ ಬೇಡವೆಂದರೆ ಮುಂಬೈ ಮಕ್ಕಳು ಕೇಳುವುದಿಲ್ಲ. ಮುರಿದು ಸಣ್ಣ ತುತ್ತು ಮಾಡಿ ತಿನ್ನಲಿ, ಅಗಲ ಬಾಯಿ ತೆರೆದು ಕಚ್ಚುವುದು ಬೇಡ. ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಒತ್ತಲಿ.

ನೋವು ಹೆಚ್ಚಿದ್ದರೆ ಪ್ಯಾರಾಸಿಟಮಾಲ್, ತೂಕದ ಪ್ರತಿ ಕಿಲೋಗೆ 15 ಮಿ.ಗ್ರಾಂ. 20 ಕಿಲೋ ಮಗುವಿಗೆ 300 ಮಿ.ಗ್ರಾಂ, ಅಂದರೆ 5 ಮಿ.ಲೀ.ಗೆ 250 ಮಿ.ಗ್ರಾಂ ಇರುವ ಸಿರಪ್ 6 ಮಿ.ಲೀ. ಬಾಟಲಿಯ ಮೇಲಿನ ಶಕ್ತಿ ಓದದೆ ಹಾಕಬೇಡಿ, 120ರದ್ದೂ 250ರದ್ದೂ ಮಾರಾಟದಲ್ಲಿವೆ. ಆರು ಗಂಟೆ ಅಂತರ, ದಿನಕ್ಕೆ ನಾಲ್ಕು ಸಲ ಮೀರಬಾರದು. ಮಳೆಗಾಲದಲ್ಲಿ ಜ್ವರವೂ ಇದ್ದರೆ ಐಬುಪ್ರೊಫೆನ್ ಕೊಡಬೇಡಿ. ಡೆಂಗೀ ಆಗಿದ್ದರೆ ರಕ್ತಸ್ರಾವದ ಅಪಾಯ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ಎರಡು ಮೂರು ವಾರದಲ್ಲಿ ಇಳಿಮುಖ ಕಾಣದಿದ್ದರೆ ದಂತವೈದ್ಯರ ಹತ್ತಿರ ಹೋಗಿ.

ಚಿಕ್ಕವರು ರಾತ್ರಿ ಹಲ್ಲು ಕಡಿದರೆ ಜಂತುಹುಳದ ಮಾತ್ರೆ ಅದಕ್ಕೆ ಮದ್ದಲ್ಲ. ಹೆಚ್ಚಿನವರಲ್ಲಿ ಬೆಳೆಯುತ್ತ ನಿಲ್ಲುತ್ತದೆ. ಗೊರಕೆಯೂ ಇದ್ದು ಬಾಯಿ ಬಿಟ್ಟು ಮಲಗುತ್ತಿದ್ದರೆ ಮಾತ್ರ ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ತೋರಿಸಿ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿರುವ ವಯಸ್ಸಿನಲ್ಲಿ ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ನೈಟ್‌ಗಾರ್ಡನ್ನು ಆನ್‌ಲೈನ್ ತರಿಸಬೇಡಿ, ಬರುವ ಹಲ್ಲಿಗೂ ದವಡೆಗೂ ಅಡ್ಡಿಯಾಗುತ್ತದೆ. ಕೀಲುನೋವು ಹೋಗಲೆಂದು ಹಲ್ಲು ಉಜ್ಜಿ ತಗ್ಗಿಸುವುದಕ್ಕೂ, ಅದೊಂದೇ ಕಾರಣಕ್ಕೆ ತಂತಿ ಹಾಕಿಸುವುದಕ್ಕೂ ಒಪ್ಪಬೇಡಿ. ಉಜ್ಜಿದ ಹಲ್ಲು ಮರಳಿ ಬರುವುದಿಲ್ಲ.

ಗದ್ದಕ್ಕೆ ಪೆಟ್ಟು

ತೊಂದರೆ ಸಮಯಕ್ಕೆ ಗೊತ್ತಾಗದೆ ಹೋಗುವ ಮಕ್ಕಳಲ್ಲಿ ಬಹಳ ಮಂದಿ ಗದ್ದಕ್ಕೆ ಪೆಟ್ಟು ಬಿದ್ದವರು. ಚಾಳಿನ ಮೆಟ್ಟಿಲು, ಮಳೆಗಾಲದ ಒದ್ದೆ ಟೈಲ್ಸ್, ಸೊಸೈಟಿಯ ಸೈಕಲ್, ದಹೀಹಂಡಿಯ (ಮೊಸರುಕುಡಿಕೆಯ) ಅಭ್ಯಾಸ. ಗದ್ದ ಸೀಳಿ ರಕ್ತ ಬರುತ್ತದೆ, ಹತ್ತಿರದ ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕುತ್ತಾರೆ, ಎಲ್ಲರೂ ಮನೆಗೆ ಬರುತ್ತಾರೆ. ಗದ್ದಕ್ಕೆ ಬಿದ್ದ ಪೆಟ್ಟು ಮೇಲೆ ಕೀಲಿನ ತುದಿಗೆ ತಲುಪಿ ಅಲ್ಲಿ ಮೂಳೆ ಮುರಿದಿರುವುದು ಯಾರಿಗೂ ಹೊಳೆಯುವುದಿಲ್ಲ. ಕಿವಿಯ ಮುಂದೆ ಊತ, ಕಿವಿಯಿಂದ ರಕ್ತ, ಹಲ್ಲು ಮೊದಲಿನಂತೆ ಕೂಡದಿರುವುದು, ಬಾಯಿ ತೆರೆದರೆ ಗದ್ದ ಒಂದು ಕಡೆ ಹೋಗುವುದು ಕಂಡರೆ ಅಂದೇ ಮುಖ-ದವಡೆ ಶಸ್ತ್ರವೈದ್ಯರಿಗೆ ತೋರಿಸಿ ಓಪಿಜಿ, ಅಂದರೆ ಇಡೀ ದವಡೆ ಒಂದೇ ಚಿತ್ರದಲ್ಲಿ ಕಾಣುವ ಎಕ್ಸ್‌ರೇ ತೆಗೆಸಬೇಕು. ಸಂಶಯ ಉಳಿದರೆ ಸಿಟಿ ಸ್ಕ್ಯಾನ್.

ಚಿಕ್ಕ ಮಕ್ಕಳಲ್ಲಿ ಈ ಮುರಿತಕ್ಕೆ ಸಾಮಾನ್ಯವಾಗಿ ಆಪರೇಷನ್ ಬೇಡ. ಮೆತ್ತಗಿನ ಊಟ, ಬೇಕಾದರೆ 7ರಿಂದ 10 ದಿನ ಮೇಲಿನ ಕೆಳಗಿನ ಹಲ್ಲುಗಳನ್ನು ಒಟ್ಟಿಗೆ ಕಟ್ಟುವುದು, ಆಮೇಲೆ ತಡಮಾಡದೆ ಬಾಯಿ ತೆರೆಯುವ ವ್ಯಾಯಾಮ. ತಪ್ಪಾಗುವುದು ಈ ಕೊನೆಯ ಹಂತದಲ್ಲಿ. ಮಗು ಅಳುತ್ತದೆ, ‘ಪಾಪ, ಅಲುಗಾಡಿಸಬೇಡಿ’ ಎಂದು ಹಿರಿಯರು ತಡೆಯುತ್ತಾರೆ; ಅಲುಗದ ಕೀಲಿನಲ್ಲಿ ಮೂಳೆಗೆ ಮೂಳೆ ಬೆಸೆದುಕೊಳ್ಳಬಹುದು. ಹಾಗಾದರೆ ಒಂದೆರಡು ವರ್ಷಕ್ಕೆ ಬಾಯಿಗೆ ಒಂದು ಬೆರಳೂ ಹೋಗುವುದಿಲ್ಲ, ಗದ್ದ ಹಿಂದೆ ಉಳಿದು ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಬಿದ್ದ ಮೇಲೆ ಎರಡು ವಾರ ದಿನಾಲೂ, ಮೂರು ತಿಂಗಳು ವಾರಕ್ಕೊಮ್ಮೆ, ಆಮೇಲೆ ಬೆಳವಣಿಗೆ ಮುಗಿಯುವವರೆಗೆ ಆರು ತಿಂಗಳಿಗೊಮ್ಮೆ ಅಳೆಯಿರಿ.

ನೋವೇ ಇಲ್ಲದೆ ಬಾಯಿ ಸಣ್ಣದಾದರೆ

ಒಂದು ಕಾರಣ ಮಕ್ಕಳ ಸಂಧಿವಾತ. ಹದಿನಾರರೊಳಗಿನವರಿಗೆ ಮೊಣಕಾಲು, ಹರಡು ಅಥವಾ ಬೆರಳಿನ ಕೀಲು ಆರು ವಾರ ದಾಟಿಯೂ ಊದಿಕೊಂಡಿದ್ದು, ಬೆಳಿಗ್ಗೆ ಬಿಗಿಯಾಗಿದ್ದರೆ ದವಡೆಯನ್ನೂ ನೋಡಿಸಲೇಬೇಕು. ದವಡೆ ಕೀಲು ಒಳಗೊಳಗೇ ಸವೆದರೂ ಮಗು ನೋವೆನ್ನದೆ ಇರಬಹುದು. ಎಕ್ಸ್‌ರೇಯಲ್ಲಿ ಮೊದಮೊದಲು ಏನೂ ಕಾಣುವುದಿಲ್ಲ, ಬಣ್ಣದ ಔಷಧಿ ಚುಚ್ಚಿ ತೆಗೆಯುವ ಎಂಆರ್‌ಐ ಬೇಕು. ಮೆಥೊಟ್ರೆಕ್ಸೇಟ್‌ನಂಥ ಔಷಧಿ ಬೇಗ ಶುರುವಾದರೆ ದವಡೆಯ ಬೆಳವಣಿಗೆ ಉಳಿಯುವ ಸಾಧ್ಯತೆ ಹೆಚ್ಚು. ಇದೇ ಕಾಯಿಲೆ ಕಣ್ಣಿಗೂ ಸದ್ದಿಲ್ಲದೆ ತಗುಲುವುದರಿಂದ ಕಣ್ಣಿನ ಡಾಕ್ಟರ ತಪಾಸಣೆಯೂ ಆಗಬೇಕು.

ಇನ್ನೊಂದು ಕಾರಣ ಕೇಳಲು ತಂದೆತಾಯಿಗೆ ಸಂಕೋಚ. ಮಹಾರಾಷ್ಟ್ರದಲ್ಲಿ 2012ರಲ್ಲೇ ಗುಟ್ಕಾ ನಿಷೇಧವಾಗಿದ್ದರೂ ಅಡಿಕೆಯ ಪುಡಿಕೆ, ಮಾವಾ (ಅಡಿಕೆ, ತಂಬಾಕು, ಸುಣ್ಣದ ಮಿಶ್ರಣ) ಶಾಲೆಯ ಮಕ್ಕಳ ಕೈಗೂ ಸಿಗುತ್ತವೆ. ಖಾರ ತಿಂದರೆ ಬಾಯಿ ಉರಿ, ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿ, ಬಾಯಿ ದಿನೇದಿನೇ ಸಣ್ಣ: ಇದು ಕೀಲಿನದಲ್ಲ, ಅಡಿಕೆಯದು. ಮುಂದೆ ಕ್ಯಾನ್ಸರಿಗೂ ತಿರುಗಬಹುದು. ಬೈಯದೆ, ಕಣ್ಣಲ್ಲಿ ಕಣ್ಣಿಟ್ಟು ಕೇಳಿ. ಮುಚ್ಚಿಟ್ಟರೆ ತಪ್ಪು ಚಿಕಿತ್ಸೆ ನಡೆಯುತ್ತದೆ.

ಜ್ವರ, ನುಂಗಲು ಕಷ್ಟ, ಜೊತೆಗೆ ಬಾಯಿ ತೆರೆಯದಿರುವುದು, ಅಥವಾ ಆಕಳಿಸಿ ಬಾಯಿ ತೆರೆದಲ್ಲೇ ಸಿಕ್ಕಿಕೊಳ್ಳುವುದು ಆದರೆ ಹಗಲಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಎಳೆದು ಕೂರಿಸುವುದು ಬೇಡ.

ಮುಂಬೈಯಲ್ಲಿ ಸಿಎಸ್‌ಎಂಟಿ ಹತ್ತಿರದ ಸರಕಾರಿ ದಂತ ಕಾಲೇಜು, ಮುಂಬೈ ಸೆಂಟ್ರಲ್‌ನ ನಾಯರ್ ದಂತ ಕಾಲೇಜು, ಗೋವಾದಲ್ಲಿ ಬಾಂಬೋಳಿಯ ದಂತ ಕಾಲೇಜು, ಪುಣೆಯಲ್ಲಿ ದಂತ ಕಾಲೇಜುಗಳ ಒಪಿಡಿಗಳಲ್ಲಿ ತೋರಿಸಬಹುದು. ಮರಾಠಿ ಅಷ್ಟಾಗಿ ಬಾರದವರು ಮೂರು ಮಾತು ನೆನಪಿಟ್ಟುಕೊಳ್ಳಿ: ‘ಜಬಡಾ ದುಖತೊ’, ದವಡೆ ನೋಯುತ್ತದೆ, ‘ತೋಂಡ್ ಪೂರ್ಣ ಉಘಡತ್ ನಾಹೀ’, ಬಾಯಿ ಪೂರ್ತಿ ತೆರೆಯುವುದಿಲ್ಲ, ‘ಹನುವಟೀವರ್ ಪಡಲಾ ಹೋತಾ’, ಗದ್ದದ ಮೇಲೆ ಬಿದ್ದಿದ್ದ, ಹುಡುಗಿಯಾದರೆ ‘ಪಡಲೀ ಹೋತೀ’. ಬಿದ್ದದ್ದು ನಾಲ್ಕು ವರ್ಷದ ಹಿಂದಾದರೂ ಈ ಮೂರನೆಯದನ್ನು ಹೇಳಿ, ಅಳತೆ ಬರೆದ ಚೀಟಿಯನ್ನು ಕೇಸ್‌ಪೇಪರಿಗೆ ಪಿನ್ ಮಾಡಿ ಕೊಡಿ.